ಕರ್ವಾಲೊ ತಂಡದಲ್ಲಿ ಎಂಗ್ಟ

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ಮಕ್ಕಳಿಗೆಂದು ಬರೆದ ಕಾದಂಬರಿಯಲ್ಲ ಅದು. ಆದರೂ ಹೈಸ್ಕೂಲು ದಾಟುವ ಹೊತ್ತಿಗೆ ಕನ್ನಡದ ಎಷ್ಟೋ ಹುಡುಗ ಹುಡುಗಿಯರ ಕೈಗೆ ಬಂದು ಸೇರುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಕಾರಣ, ಅದರ ಹೊಟ್ಟೆಯೊಳಗೆ ಒಂದು ಪತ್ತೇದಾರಿ ಕತೆಯಿದೆ. ಮೂಡಿಗೆರೆಯ ಜೇನು ಸೊಸೈಟಿ, ಕಳ್ಳಭಟ್ಟಿ ಕೇಸು, ಒಬ್ಬ ಕಂಡೆ ಎನ್ನುವ, ಉಳಿದವರು ನಂಬದ ಹಾರುವ ಓತಿ. ಸುಳಿವಿಗೆ ಸುಳಿವು ಕೂಡುತ್ತ ಕತೆ ಪಶ್ಚಿಮಘಟ್ಟದ ಪ್ರಪಾತದ ಅಂಚಿಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಹುಡುಕುತ್ತಿರುವುದು ಊರಿನ ಚರಿತ್ರೆಯನ್ನೇ. ಪಾಳೇಗಾರರದೂ ಅಲ್ಲ, ಕಾಫಿ ತೋಟ ಎಬ್ಬಿಸಿದ ದೊರೆಗಳದೂ ಅಲ್ಲ, ಅವರು ಯಾರೂ ಹುಟ್ಟುವ ಮೊದಲೇ ಈ ಮರಗಳ ಮೇಲಿದ್ದ ಜೀವಿಯದು.

ಪತ್ತೇದಾರಿ ಕತೆಯಲ್ಲಿ ಕೇಳಲೇಬೇಕಾದ ಪ್ರಶ್ನೆ, ಸುಳಿವು ಕೊಟ್ಟವರು ಯಾರು, ಪತ್ತೆ ಮಾಡಿದ ಹೆಸರು ಯಾರಿಗೆ ಹೋಯಿತು ಎಂಬುದು. ಎನಿಡ್ ಬ್ಲೈಟನ್ನಳ ಐವರ ಸರಣಿಯಲ್ಲಿ 1950ರ ಪುಸ್ತಕವೊಂದರಲ್ಲಿ ಜೋ ಎಂಬ ಜಿಪ್ಸಿ ಹುಡುಗಿ ಬರುತ್ತಾಳೆ. ದಾರಿ ಬಲ್ಲವಳು ಅವಳು, ಅಪಾಯಕ್ಕೆ ನುಗ್ಗುವವಳು ಅವಳು. ಆದರೆ ಪುಸ್ತಕದ ಹೆಸರಿನಲ್ಲಿರುವುದು ಆ ಐವರೇ. ತೇಜಸ್ವಿ ಈ ಲೆಕ್ಕವನ್ನು ಬುಡಮೇಲು ಮಾಡಿದರು. ಅವರ ವಿಜ್ಞಾನಿ ಕರ್ವಾಲೊನ ದೊಡ್ಡತನವಿರುವುದು ತಾನು ಬಲ್ಲೆ ಎನ್ನುವುದರಲ್ಲಲ್ಲ, ಯಾರನ್ನು ಕೇಳಬೇಕೆಂದು ಬಲ್ಲುದರಲ್ಲಿ. ನಿರೂಪಕನ ಕಣ್ಣಿಗೆ ಜವಾನನ ಕೆಲಸಕ್ಕೆ ಹಂಬಲಿಸುವ ಉಂಡಾಡಿಯಾಗಿ ಕಾಣುವ ಮಂದಣ್ಣ, ಕರ್ವಾಲೊ ಕಣ್ಣಿಗೆ ಹುಟ್ಟು ಜೀವವಿಜ್ಞಾನಿ. ಮಂದಣ್ಣನ ಅರಿವಿಗೆ ಸಲ್ಲುವ ಈ ಗೌರವವೇ ಕಾದಂಬರಿಯ ಬೆನ್ನೆಲುಬು. ಇದನ್ನು ಹದಿನಾಲ್ಕರ ವಯಸ್ಸಿನಲ್ಲಿ ಓದಿದವರು ಶಾಲೆ ಬಿಟ್ಟವನನ್ನು ದಡ್ಡ ಎನ್ನುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಆದರೆ ಓತಿ ಹುಡುಕಹೊರಟ ತಂಡದಲ್ಲಿ ಇನ್ನೊಬ್ಬನಿದ್ದಾನೆ, ಹಾವು ಹಿಡಿಯುವ ಎಂಗ್ಟ. ಊರಿಂದೂರಿಗೆ ಅಲೆದು ಹಾವಾಡಿಸುವವರ ವಿದ್ಯೆ ಅವನದು. ಅಂಥ ವಿದ್ಯೆಯವರ ಚರಿತ್ರೆ ಸಣ್ಣದೇನಲ್ಲ. 1871ರ ಕಾಯ್ದೆ ದೇಶದ ಎಷ್ಟೋ ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು, ಅದು ರದ್ದಾದದ್ದು 1952ರಲ್ಲಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹಾವು ಹಿಡಿದು ಆಡಿಸಿ ಹೊಟ್ಟೆ ಹೊರೆಯುವುದೂ ಕ್ರಮೇಣ ಅಪರಾಧವಾಯಿತು. ಅಂದರೆ ‘ಕರ್ವಾಲೊ’ ಅಚ್ಚಾಗುವ ಹೊತ್ತಿಗೆ ಎಂಗ್ಟನಂಥವರ ಕಾಲಡಿಯ ನೆಲ ಕುಸಿಯತೊಡಗಿತ್ತು. ಕಾದಂಬರಿ ಅತ್ತ ತಿರುಗುವುದಿಲ್ಲ. ಮಂದಣ್ಣನ ಮದುವೆ, ಕೇಸು, ಮುಗ್ಧತನಗಳಿಗೆ ಪುಟಗಟ್ಟಲೆ ಜಾಗವಿದ್ದರೆ, ಎಂಗ್ಟ ಹೆಚ್ಚಾಗಿ ನಗುವಿಗೆ ಒದಗುತ್ತಾನೆ. ಅವನಿಗೆ ಕಾಡಿನ ಬಗ್ಗೆ ಏನು ಗೊತ್ತು ಎಂದು ಕರ್ವಾಲೊ ಕೂಡ ಮಂದಣ್ಣನನ್ನು ವಿಚಾರಿಸಿದಂತೆ ಕೂತು ವಿಚಾರಿಸುವುದಿಲ್ಲ.

ನಗು ತೇಜಸ್ವಿಯವರ ಜಾಯಮಾನ, ಅವರ ನಿರೂಪಕನೇ ಎಲ್ಲರಿಗಿಂತ ಹೆಚ್ಚು ನಗೆಪಾಟಲಾಗುತ್ತಾನಲ್ಲ ಎಂದು ಯಾರಾದರೂ ಹೇಳಬಹುದು. ನಿಜ. ಆದರೆ ನಿರೂಪಕ ತನ್ನನ್ನು ನೋಡಿ ತಾನೇ ನಗುತ್ತಾನೆ, ಮಂದಣ್ಣನನ್ನು ನೋಡಿ ನಕ್ಕ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತಾನೆ; ಎಂಗ್ಟನ ಪಾಲಿಗೆ ಆ ತಿದ್ದುಪಡಿ ಬರುವುದೇ ಇಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಓತಿ ಕೊನೆಗೆ ಯಾರ ಕೈಗೂ ಸಿಕ್ಕದೆ ಪ್ರಪಾತದತ್ತ ತೇಲಿಹೋಗುತ್ತದೆ. ಪತ್ತೆಯೇ ಯಾರದೂ ಆಗದ ಮೇಲೆ ಪಾಲಿನ ಮಾತೆಲ್ಲಿಂದ ಬಂತು? ಆ ಮುಕ್ತಾಯ ಕನ್ನಡ ಕಾದಂಬರಿಯ ಅಪರೂಪದ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಸೋಲುವ ಗೌರವವೂ ಸಮನಾಗಿ ಹಂಚಿಕೆಯಾಗಿಲ್ಲ. ಪ್ರಪಾತದ ಅಂಚಿನಲ್ಲಿ ಬೆರಗಾಗಿ ನಿಲ್ಲುವ ಮನಸ್ಸು ನಮಗೆ ಕಾಣುವುದು ಓದು ಬಲ್ಲವರ ಒಳಗಿನಿಂದ. ಜಾತಿಯ ತಲೆ ಎಣಿಸಿ ಕೃತಿ ಅಳೆಯುವುದು ವಿಮರ್ಶೆಯಲ್ಲ ಎನ್ನುವವರಿಗೆ ಒಂದೇ ಮಾತು: ಅರಿವು ಎಲ್ಲಿಂದಲೂ ಬರಬಹುದು ಎಂಬ ಅಳತೆಗೋಲು ನಾನು ಹೊರಗಿನಿಂದ ತಂದದ್ದಲ್ಲ, ಕಾದಂಬರಿಯೇ ಕೈಗೆ ಕೊಟ್ಟದ್ದು.

ಹುಡುಗಿಯರ ವಿಷಯಕ್ಕೆ ಬಂದರೆ ಕೊರತೆ ಇನ್ನೂ ಢಾಳು. ರಾಮಿ ಮಂದಣ್ಣನ ಮದುವೆಯ ಕತೆಗಷ್ಟೇ ಬೇಕಾದವಳು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲೂ ಏಲಕ್ಕಿಯ ಗುಟ್ಟು ಬಿಡಿಸಲು ಹೊರಗಿನಿಂದ ಅಂಗಡಿ ಎಂಬ ಅಧಿಕಾರಿ ಬರುತ್ತಾನೆ, ಜಯಂತಿ ಊರಿನ ಹುಡುಗರು ಕಣ್ಣು ನೆಟ್ಟವಳಾಗಿ ಉಳಿಯುತ್ತಾಳೆ, ತಾನೇ ಏನನ್ನೂ ಹುಡುಕುವವಳಾಗುವುದಿಲ್ಲ. ಇಷ್ಟಾಗಿಯೂ ಮಲೆನಾಡಿನ ಮಕ್ಕಳ ಕೈಗೆ ಕೊಡಲು ‘ಕರ್ವಾಲೊ’ಗಿಂತ ಒಳ್ಳೆಯ ಪತ್ತೇದಾರಿ ಪುಸ್ತಕ ನಮ್ಮಲ್ಲಿಲ್ಲ. ಕಳಸ, ಮೂಡಿಗೆರೆ ಕಡೆಯ ಕನ್ನಡ ಮೇಷ್ಟ್ರುಗಳು ಅದನ್ನು ಕೊಡುವಾಗ ಜೊತೆಗೆ ಒಂದು ಬರವಣಿಗೆಯ ಕೆಲಸವನ್ನೂ ಕೊಡಲಿ: ಇದೇ ಕತೆಯನ್ನು ಎಂಗ್ಟನ ಮಗಳು ಹೇಳಿದ್ದರೆ ಹೇಗಿರುತ್ತಿತ್ತು, ಎರಡು ಪುಟ ಬರೆಯಿರಿ.