ಬರವಣಿಗೆಯ ಶಿಕ್ಷಣವೂ ಗಣಕ ಸಾಧನಗಳೂ

ಇತಿಹಾಸದ ತರಗತಿಗಳಲ್ಲಿ ಬರವಣಿಗೆಯನ್ನು ಒಂದು ವಿದ್ಯೆಯೆಂದು ಬಗೆದು ಕಲಿಸುವ ಪದ್ಧತಿ ನಮ್ಮಲ್ಲಿ ವಿರಳ. ಅದು ಭಾಷಾ ವಿಭಾಗದವರ ಹೊಣೆಯೆಂದು ನಾವೂ, ಪ್ರೌಢಶಾಲೆಯಲ್ಲಿಯೇ ಮುಗಿದಿರಬೇಕಾದ ಕೆಲಸವೆಂದು ಅವರೂ ಭಾವಿಸಿಕೊಂಡಿರುವುದರಿಂದ, ವಿದ್ಯಾರ್ಥಿಯು ಪದವಿಯ ಕೊನೆಯ ವರ್ಷವನ್ನು ಮುಟ್ಟುವ ವೇಳೆಗೆ ಉತ್ತರಪತ್ರಿಕೆಯೊಂದನ್ನುಳಿದು ಬೇರೆ ಏನನ್ನೂ ಬರೆದಿರುವುದಿಲ್ಲ. ಈ ಕೊರತೆಯನ್ನು ಗಣಕಯಂತ್ರವೂ ಅಂತರಜಾಲವೂ ತುಂಬಿಕೊಡುವುವೆಂಬ ಭರವಸೆ ಒಂದು ಕಡೆ, ಇರುವಷ್ಟನ್ನೂ ಅವು ಕೆಡಿಸುವುವೆಂಬ ಭೀತಿ ಇನ್ನೊಂದು ಕಡೆ, ಏಕಕಾಲದಲ್ಲಿ ಕೇಳಿಬರುತ್ತಿವೆ. ಇವೆರಡನ್ನೂ ಕೆಲವು ನಿದರ್ಶನಗಳ ಮೇಲೆ ಒರೆಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಇತಿಹಾಸಕಾರ ರಾಯ್ ರೋಸೆನ್‌ಜ್ವೀಗ್ ಅವರು 2006ರಲ್ಲಿ ವಿಕಿಪೀಡಿಯವನ್ನು ಇತಿಹಾಸಕಾರನ ದೃಷ್ಟಿಯಿಂದ ಪರಿಶೀಲಿಸಿದರು. ಸಂಗತಿಗಳಲ್ಲಿ ಅವರಿಗೆ ಕಂಡ ತಪ್ಪುಗಳು ನಿರೀಕ್ಷೆಗಿಂತ ಕಡಮೆ. ಹೆಚ್ಚಿನ ಕೊರತೆ ಕಂಡದ್ದು ಗದ್ಯದಲ್ಲಿ, ಮುಖ್ಯವನ್ನೂ ಅಮುಖ್ಯವನ್ನೂ ಬೇರ್ಪಡಿಸುವ ವಿವೇಚನೆಯಲ್ಲಿ. ಮರುವರ್ಷ, ಎಂದರೆ 2007ರಲ್ಲಿ, ವರ್ಮಾಂಟ್ ಪ್ರಾಂತದ ಮಿಡ್ಲ್‌ಬರಿ ಕಾಲೇಜಿನ ಇತಿಹಾಸ ವಿಭಾಗವು ವಿದ್ಯಾರ್ಥಿಗಳು ತಮ್ಮ ಪ್ರಬಂಧಗಳಲ್ಲಿ ವಿಕಿಪೀಡಿಯವನ್ನು ಆಧಾರವಾಗಿ ಉಲ್ಲೇಖಿಸಕೂಡದೆಂದು ನಿರ್ಣಯಿಸಿತು. ನಿರ್ಣಯ ತಪ್ಪಲ್ಲ. ವಿಶ್ವಕೋಶವು ಆಧಾರಗಳ ಕಡೆಗೆ ದಾರಿ ತೋರಿಸುವ ಗ್ರಂಥವೇ ಹೊರತು ತಾನೇ ಮೂಲಾಧಾರವಲ್ಲ. ಆದರೆ ನಿಷೇಧದಿಂದ ವಿದ್ಯಾರ್ಥಿಗೆ ಏನನ್ನು ಉಲ್ಲೇಖಿಸಬಾರದೆಂಬುದು ತಿಳಿಯುತ್ತದೆ. ಹೇಗೆ ಬರೆಯಬೇಕೆಂಬುದು ತಿಳಿಯುವುದಿಲ್ಲ. ರೋಸೆನ್‌ಜ್ವೀಗ್ ಅವರು ತೋರಿಸಿದ ಕೊರತೆ ಎರಡನೆಯದಕ್ಕೆ ಸೇರಿದ್ದು.

ನಿಷೇಧಕ್ಕೆ ಎದುರಾದ ಪ್ರಯೋಗ ನಮ್ಮ ದೇಶದಲ್ಲಿಯೇ ನಡೆಯಿತು. 2011ರಲ್ಲಿ ಪುಣೆಯ ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಂದ ಪಠ್ಯಕ್ರಮದ ಅಂಗವಾಗಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಲೇಖನಗಳನ್ನು ಬರೆಯಿಸುವ ಯೋಜನೆಯೊಂದು ಆರಂಭವಾಯಿತು. ಕೆಲವೇ ತಿಂಗಳುಗಳಲ್ಲಿ, ಬಂದ ಬರೆಹಗಳಲ್ಲಿ ಬಹಳಷ್ಟು ಬೇರೆ ಕಡೆಯಿಂದ ನಕಲು ಮಾಡಿದವೆಂದು ಹೊರಬಿದ್ದು, ಅವನ್ನು ತೆಗೆದುಹಾಕುವ ಭಾರ ಅಲ್ಲಿನ ಸ್ವಯಂಸೇವಕ ಸಂಪಾದಕರ ಮೇಲೆ ಬಿತ್ತು. ಅದೇ ವರ್ಷದ ಕೊನೆಯೊಳಗೆ ಯೋಜನೆಯನ್ನು ನಿಲ್ಲಿಸಬೇಕಾಯಿತು. ಇದನ್ನು ವಿದ್ಯಾರ್ಥಿಗಳ ಅಪ್ರಾಮಾಣಿಕತೆಯೆಂದು ತೀರ್ಪಿತ್ತು ಮುಗಿಸುವುದು ಸುಲಭ. ಆದರೆ ಟಿಪ್ಪಣಿಯಲ್ಲಿದ್ದುದನ್ನು ಅಕ್ಷರ ಬಿಡದೆ ಒಪ್ಪಿಸಿದವನಿಗೆ ಪೂರ್ಣಾಂಕ ಕೊಟ್ಟು ಬೆಳೆಸಿದವರು ಯಾರು? ಉತ್ತರಪತ್ರಿಕೆಯಲ್ಲಿ ಗುಣವೆನಿಸಿದ್ದು ಲೋಕದೆದುರು ದೋಷವಾಯಿತು, ಅಷ್ಟೆ. ಗಣಕ ಸಾಧನವು ಈ ರೋಗವನ್ನು ಹುಟ್ಟಿಸಲಿಲ್ಲ. ನಾವು ಕಪಾಟಿನಲ್ಲಿ ಮುಚ್ಚಿಟ್ಟಿದ್ದುದನ್ನು ಬಯಲಿಗೆ ತಂದಿತು.

ಹಾಗಾದರೆ ಸಾಧನದ ಸದುಪಯೋಗ ಯಾವುದು? ನನ್ನ ತರಗತಿಯ ಒಂದು ಅಭ್ಯಾಸವನ್ನು ಇಲ್ಲಿ ನಿವೇದಿಸಬಹುದು. ‘ಹಲ್ಮಿಡಿ ಶಾಸನವು ಕನ್ನಡದ ಮೊದಲ ಶಾಸನ, ಕಾಲ ಕ್ರಿ.ಶ. 450’ ಎಂಬ ವಾಕ್ಯವನ್ನು ಕೊಟ್ಟು, ಇದನ್ನು ಆಧಾರಸಹಿತವಾಗಿ ಮುನ್ನೂರು ಪದಗಳಿಗೆ ವಿಸ್ತರಿಸಿರೆಂದು ಹೇಳಿದೆ. ಎಲ್ಲರೂ ಗೂಗಲ್ ಡಾಕ್ಸ್‌ನಲ್ಲಿ ಬರೆಯಬೇಕು, ಮೂರು ಕರಡುಗಳಾಗಬೇಕು, ಹಿಂದಿನ ಕರಡನ್ನು ಅಳಿಸಕೂಡದು. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳು ಈಗ ಅಂತರಜಾಲದಲ್ಲಿ ದೊರೆಯುತ್ತವೆ. ವಿದ್ಯಾರ್ಥಿನಿಯೊಬ್ಬಳು ಹಾಸನ ಜಿಲ್ಲೆಯ ಸಂಪುಟವನ್ನು ಹುಡುಕಿ, ಅಲ್ಲಿ ಹಲ್ಮಿಡಿಯ ಶಾಸನವೇ ಇಲ್ಲವೆಂದು ದೂರಿಕೊಂಡು ಬಂದಳು. ಸಂಪುಟ ಪ್ರಕಟವಾದದ್ದು 1902ರಲ್ಲಿ, ಎಂ. ಎಚ್. ಕೃಷ್ಣ ಅವರಿಂದ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ. ಹುಡುಕಿದ್ದು ಸಿಗದಿರುವುದಕ್ಕೂ ಒಂದು ಇತಿಹಾಸವಿದೆಯೆಂಬುದನ್ನು ಆಕೆ ತನ್ನ ಎರಡನೆಯ ಕರಡಿನಲ್ಲಿ ಬರೆದಳು. ಶಾಸನದಲ್ಲಿ ಕಾಲಸೂಚನೆಯಿಲ್ಲ, ಲಿಪಿಯ ಸ್ವರೂಪ, ಕದಂಬ ಕಾಕುಸ್ಥನ ಪ್ರಸ್ತಾಪ ಮೊದಲಾದವುಗಳಿಂದ ಕಾಲವನ್ನು ಊಹಿಸಲಾಗಿದೆ. ತಾಳಗುಂದದ ಸಿಂಹಕಟಾಂಜನದ ಶಾಸನವು ಅದಕ್ಕಿಂತ ಹಳೆಯದು, ಕ್ರಿ.ಶ. 370ರದು ಎಂಬ ವಾದವೂ ಈಗ ಬಂದಿದೆ. ಇಷ್ಟನ್ನು ತಿಳಿದುಕೊಂಡ ಮೇಲೆ ಮೂರನೆಯ ಕರಡಿನಲ್ಲಿ ‘ಮೊದಲ’ ಎಂಬುದರ ಜಾಗದಲ್ಲಿ ‘ಬಹುಕಾಲ ಮೊದಲನೆಯದೆಂದು ಎಣಿಸಲ್ಪಟ್ಟಿರುವ’ ಎಂಬ ಮಾತು ಬಂದಿತು. ಆ ಒಂದು ತಿದ್ದುಪಡಿಯೇ ಪಾಠ. ಮೂರು ಕರಡುಗಳನ್ನೂ ಒಂದರ ಪಕ್ಕದಲ್ಲೊಂದು ತೆರೆದು ತರಗತಿಯಲ್ಲಿ ತೋರಿಸಲು ಸಾಧ್ಯವಾದದ್ದು ಮಾತ್ರ ಗಣಕದ ಉಪಕಾರ.

ವಿಕಿಪೀಡಿಯದ ಪ್ರತಿ ಪುಟಕ್ಕೂ ‘ಇತಿಹಾಸ’ ಎಂಬ ಇನ್ನೊಂದು ಪುಟ ಉಂಟೆಂಬುದನ್ನು ಬಹಳ ಮಂದಿ ಅಧ್ಯಾಪಕರು ಗಮನಿಸಿದಂತಿಲ್ಲ. ಯಾರು, ಎಂದು, ಯಾವ ಪದವನ್ನು ತೆಗೆದು ಯಾವುದನ್ನು ಇಟ್ಟರೆಂಬುದು ಅಲ್ಲಿ ದಾಖಲಾಗಿರುತ್ತದೆ. ಮುಗಿದ ಲೇಖನಕ್ಕಿಂತ ಆ ಪುಟವೇ ನಮ್ಮ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯುಕ್ತವಾದ ಪಠ್ಯ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಬಳಕೆಗೆ ಬಂದ ಮೇಲೆ, ಕೇಳಿದೊಡನೆ ಪ್ರಬಂಧವನ್ನು ಹೆಣೆದುಕೊಡುವ ಯಂತ್ರ ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೂ ಎಟುಕುವಂತಾಗಿದೆ; ಕರಡುಗಳನ್ನೂ ಅದರಿಂದಲೇ ಬರೆಯಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಬರೆಯಿಸಬಹುದು. ಆದುದರಿಂದಲೇ ಕರಡುಗಳ ದಾಖಲೆಯನ್ನು ಕಳ್ಳರನ್ನು ಹಿಡಿಯುವ ಬಲೆಯಾಗಿ ಬಳಸುವುದು ವ್ಯರ್ಥ. ಅದು ಅಧ್ಯಾಪಕನನ್ನು ಪಹರೆಯವನನ್ನಾಗಿ ಮಾಡುತ್ತದೆ. ಈ ಪದವನ್ನು ಏಕೆ ಬದಲಾಯಿಸಿದೆ ಎಂದು ಎದುರಿಗೆ ಕೂರಿಸಿಕೊಂಡು ಕೇಳಿದಾಗ ಕಾರಣ ಹೇಳಬಲ್ಲವನು ಕಲಿತಿದ್ದಾನೆ. ಹೇಳಲಾರದವನು, ಪ್ರಬಂಧ ಎಷ್ಟೇ ಚೆನ್ನಾಗಿರಲಿ, ಕಲಿತಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗುರುತರವಾದುದು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಮುನ್ನೂರು ಪದಗಳನ್ನೂ ಮೊಬೈಲಿನಲ್ಲಿಯೇ ಒತ್ತಿ ಬರೆದರು. ಅಂಥವರಿಗೆ ಮೊದಲ ಕರಡನ್ನು ಕಾಗದದ ಮೇಲೆ ಬರೆದು ಅದರ ಛಾಯಾಚಿತ್ರವನ್ನು ಸೇರಿಸಲು ಅವಕಾಶ ಕೊಟ್ಟ ಮೇಲೆ ಬರೆಹ ಸುಧಾರಿಸಿತು. ಸಾಧನವು ವಿದ್ಯಾರ್ಥಿಗೆ ಒಗ್ಗಬೇಕೇ ಹೊರತು ವಿದ್ಯಾರ್ಥಿಯು ಸಾಧನಕ್ಕಲ್ಲ.

ಕೊನೆಯದಾಗಿ ಒಂದು ಲೆಕ್ಕ. ಅರುವತ್ತು ವಿದ್ಯಾರ್ಥಿಗಳ ತರಗತಿಯಲ್ಲಿ ಮೂರು ಕರಡುಗಳೆಂದರೆ 180 ಬರೆಹಗಳು. ಒಂದಕ್ಕೆ ಹತ್ತು ನಿಮಿಷವೆಂದರೂ ಮೂವತ್ತು ಗಂಟೆ. ಒಂದೇ ಅಭ್ಯಾಸಕ್ಕೆ ಇಷ್ಟು. ಯಾವ ಯಂತ್ರವೂ ಈ ಮೂವತ್ತು ಗಂಟೆಗಳನ್ನು ನಮ್ಮ ಪರವಾಗಿ ಓದಿ ಮುಗಿಸಲಾರದು. ಮುಗಿಸಿದರೆ ಕಲಿಸಿದವರು ನಾವಾಗುವುದಿಲ್ಲ. ಕಾಲೇಜುಗಳಿಗೆ ಗಣಕಯಂತ್ರಗಳನ್ನು ಒದಗಿಸುವಾಗ ಅಧ್ಯಾಪಕನಿಗೆ ಈ ವೇಳೆಯನ್ನೂ ಒದಗಿಸುವ ಏರ್ಪಾಡಾಗದಿದ್ದರೆ, ಪುಣೆಯಲ್ಲಿ 2011ರಲ್ಲಿ ನಡೆದದ್ದು ಬೇರೆ ಬೇರೆ ಹೆಸರುಗಳಿಂದ ಮತ್ತೆ ಮತ್ತೆ ನಡೆಯುವುದರಲ್ಲಿ ಸಂದೇಹವಿಲ್ಲ.