ಬೊಂಬೆಯ ಗಂಟಲು, ಮಗುವಿನ ಬೆರಳು

ಅಮೆರಿಕದ ಶಾಲೆಗಳ ‘ಕೆರಿಯರ್ ಡೇ’ಗೆ, ಅಂದರೆ ಉದ್ಯೋಗ ಪರಿಚಯದ ದಿನಕ್ಕೆ, ಪೊಲೀಸರು, ಅಗ್ನಿಶಾಮಕ ದಳದವರು ಬರುವ ಹಾಗೆ ಅರಿವಳಿಕೆ ನರ್ಸುಗಳೂ ಬರುವುದುಂಟು. ಮಕ್ಕಳ ತಲೆಗೆ ಆಪರೇಷನ್ ಥಿಯೇಟರಿನ ಟೋಪಿ. ಮೇಜಿನ ಮೇಲೆ ಬಾಯಿ ತೆರೆದು ಮಲಗಿದ ರಬ್ಬರ್ ಬೊಂಬೆ. ಲ್ಯಾರಿಂಗೋಸ್ಕೋಪಿನಿಂದ ಅದರ ನಾಲಿಗೆ ಎತ್ತಿ ಹಿಡಿದು ಕೊಳವೆ ಇಳಿಸಬೇಕು. ಶ್ವಾಸನಾಳಕ್ಕೆ ಇಳಿದರೆ ಬ್ಯಾಗು ಒತ್ತಿದಾಗ ಎದೆ ಉಬ್ಬುತ್ತದೆ, ದಾರಿ ತಪ್ಪಿ ಅನ್ನನಾಳಕ್ಕೆ ಹೋದರೆ ಹೊಟ್ಟೆ. ಆಗ ತರಗತಿಯೆಲ್ಲ ಗೊಳ್ಳೆನ್ನದೆ ಇರುತ್ತದೆಯೇ?

ಈ ಪರಿಚಯ ಬೇಕೇ ಬೇಕು. ನಮ್ಮಲ್ಲಿ ಅರಿವಳಿಕೆ ವೈದ್ಯರ ಕೆಲಸ, ಬಿ.ಎಸ್ಸಿ. ಅನಸ್ತೇಷಿಯಾ ಟೆಕ್ನಾಲಜಿ ಓದಿದವರದು ನೆರವಿನ ಪಾತ್ರ. ಅಲ್ಲಿ ಹಾಗಲ್ಲ; ನರ್ಸುಗಳೇ ಅರಿವಳಿಕೆ ಕೊಡುವ ಪದ್ಧತಿ 19ನೇ ಶತಮಾನದಿಂದಲೂ ಇದೆ. ಶಸ್ತ್ರವೈದ್ಯರಾದ ಮೇಯೊ ಸಹೋದರರ ಜೊತೆಗಿದ್ದ ನರ್ಸ್ ಆಲಿಸ್ ಮ್ಯಾಗಾ 1906ರಲ್ಲಿ 14,000ಕ್ಕೂ ಹೆಚ್ಚು ಅರಿವಳಿಕೆಗಳ ಲೆಕ್ಕ ಒಪ್ಪಿಸಿದರು. ಅರಿವಳಿಕೆಯಿಂದಾದ ಸಾವು ಅದರಲ್ಲಿ ಒಂದೂ ಇರಲಿಲ್ಲ. ಹಳ್ಳಿಗಾಡಿನ ಎಷ್ಟೋ ಆಸ್ಪತ್ರೆಗಳು ಇಂದಿಗೂ ಇವರನ್ನೇ ನೆಚ್ಚಿಕೊಂಡಿವೆ. ಆದರೆ ರೋಗಿಗೆ ಎಚ್ಚರವಾಗುವ ಹೊತ್ತಿಗೆ ಇವರ ಮುಖ ಮರೆತೇ ಹೋಗಿರುತ್ತದೆ. ಮನೆಯಲ್ಲಿ ಆಸ್ಪತ್ರೆಯ ಸಂಬಂಧವೇ ಇಲ್ಲದ ಮಗುವಿಗೆ ಇಂಥದ್ದೊಂದು ಉದ್ಯೋಗವಿದೆಯೆಂದು ಗೊತ್ತಾಗುವುದಾದರೂ ಹೇಗೆ?

ನನ್ನ ತಕರಾರು ಬೊಂಬೆಯದು. ಕೊಳವೆ ಇಳಿಸುವುದು ಒಂದೆರಡು ನಿಮಿಷದ ಕೆಲಸ; ಆಮೇಲೆ ಗಂಟೆಗಟ್ಟಲೆ ರೋಗಿಯ ತಲೆಯ ಬಳಿ ಕೂತು ಕಾಯುವುದೇ ನಿಜವಾದ ಉದ್ಯೋಗ. ಬೊಂಬೆ ಕೈಚಳಕ ತೋರಿಸುತ್ತದೆ, ಕಾವಲನ್ನಲ್ಲ.

ಕಾವಲು ತೋರಿಸಲು ಪಲ್ಸ್ ಆಕ್ಸಿಮೀಟರ್ ಸಾಕು. ಮಗುವಿನ ಬೆರಳಿಗೆ ಸಿಕ್ಕಿಸಿ, ಆದಷ್ಟು ಹೊತ್ತು ಉಸಿರು ಬಿಗಿಹಿಡಿ ಅನ್ನಲಿ. ಕೆನ್ನೆ ಉಬ್ಬಿ, ಕಣ್ಣು ಅಗಲವಾಗಿ, ಇನ್ನು ಆಗದು ಎಂದು ಬಿಟ್ಟಾಗಲೂ ಪರದೆಯ ಮೇಲೆ ಆಮ್ಲಜನಕದ ಅಂಕಿ ಸಾಮಾನ್ಯವಾಗಿ 98ರ ಆಸುಪಾಸಿನಲ್ಲೇ ಇರುತ್ತದೆ. ಮೈಯಲ್ಲಿ ಆಮ್ಲಜನಕದ ಉಳಿತಾಯವಿದೆ. ಅಂಕಿ ತಡವಾಗಿ ಇಳಿಯುತ್ತದೆ. ಅದು ಇಳಿಯುವವರೆಗೆ ಕಾಯದೆ, ಎದೆಯ ಏರಿಳಿತದಲ್ಲೇ ತೊಂದರೆ ಗುರುತಿಸುವ ಮನುಷ್ಯರು ಬೇಕಾಗುವುದು ಏಕೆಂದು ಐದನೇ ತರಗತಿಯವರಿಗೂ ಹೊಳೆಯುತ್ತದೆ. ಥಿಯೇಟರಿನ ಮಾನಿಟರಿನಲ್ಲಿ ಆಮ್ಲಜನಕ ಕುಸಿದಂತೆ ‘ಬೀಪ್’ನ ಶ್ರುತಿಯೂ ಇಳಿಯುತ್ತದೆ. ಮಕ್ಕಳ ಕಣ್ಣು ಮುಚ್ಚಿಸಿ ಅದನ್ನು ಕೇಳಿಸಿದರೆ ಇನ್ನೂ ಒಳ್ಳೆಯದು. (ಸಂಗೀತ ಕಲಿಯುವ ಮಕ್ಕಳು ಮೊದಲು ಹಿಡಿದಾರು.)

ಹೈಸ್ಕೂಲಿನವರ ಮುಂದೆ ಬೇರೆ ಮಾತು ಬೇಕು. ನಾಲ್ಕು ವರ್ಷದ ನರ್ಸಿಂಗ್ ಪದವಿ, ಕಡೇಪಕ್ಷ ಒಂದು ವರ್ಷ ಐಸಿಯು ಅನುಭವ, ಮೇಲೆ ಮೂರು ವರ್ಷದ ಡಾಕ್ಟರೇಟ್. 2022ರಿಂದ ಹೊಸದಾಗಿ ಸೇರುವವರಿಗೆಲ್ಲ ಡಾಕ್ಟರೇಟ್ ಮಟ್ಟದ ಓದೇ ಕಡ್ಡಾಯ. ಸಂಬಳ ಹೇಳುವವರು ಓದಿನ ಸಾಲವನ್ನೂ ಹೇಳಲಿ. ನರ್ಸ್ ತಾನೇ ನಿಭಾಯಿಸಬಹುದೇ, ವೈದ್ಯರ ಮೇಲ್ವಿಚಾರಣೆ ಬೇಕೇ ಎಂಬ ಹಳೆಯ ಜಗಳವನ್ನೂ ಮುಚ್ಚಿಡುವುದು ಬೇಡ.

ಜನವರಿಯಲ್ಲಿ ನಡೆಯುವ ಅರಿವಳಿಕೆ ನರ್ಸುಗಳ ವಾರಾಚರಣೆಯಲ್ಲಿ ಬಂದು ಫೋಟೋ ತೆಗೆಸಿಕೊಂಡು ಹೋದರೆ ಇದಾವುದೂ ಆಗುವುದಿಲ್ಲ. ಐದನೆಯಲ್ಲಿ ಕಣ್ಣರಳಿಸಿದ ಹುಡುಗಿ ಹತ್ತನೆಯಲ್ಲಿ ಕೆಮಿಸ್ಟ್ರಿ ಬಿಟ್ಟುಬಿಡಲೇ ಎಂದು ಯೋಚಿಸುವಾಗ ಕೇಳುವುದಕ್ಕೆ ಅದೇ ನರ್ಸ್ ಕೈಗೆ ಸಿಗಬೇಕು.