ಕಬ್ಬಿಣದ ಭಿಕ್ಷೆ ಮತ್ತು ದೂರದ ದತ್ತಿ: ದೇವತಾಶಾಸ್ತ್ರ ಶಿಕ್ಷಣವನ್ನು ಕೊಳ್ಳೇಗಾಲ ಸೀಮೆಯಿಂದ ನೋಡಿದಾಗ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯನ್ನು ನಮ್ಮ ಜಾನಪದ ಅಧ್ಯಯನಗಳು ಮಲೆಯ ಮಾದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳ ನೆಲವೆಂದೇ ಗುರುತಿಸಿವೆ. ಇದೇ ನೆಲದ ಕ್ರೈಸ್ತ ಸಮುದಾಯಗಳು ಈ ಚರ್ಚೆಯ ಹೊರಗೇ ಉಳಿದಿವೆ. ಧಾರ್ಮಿಕ ನಾಯಕರನ್ನು ಸಿದ್ಧಗೊಳಿಸುವ ಶಿಕ್ಷಣಕ್ಕೆ ಹಣ ಎಲ್ಲಿಂದ ಬರುತ್ತದೆ, ಆ ಮೂಲವು ಶಿಕ್ಷಣದ ಭಾಷೆಯನ್ನೂ ವಸ್ತುವನ್ನೂ ಹೇಗೆ ರೂಪಿಸುತ್ತದೆ ಎಂಬುದನ್ನು ಈ ಎರಡು ಲೋಕಗಳನ್ನು ಎದುರುಬದುರಾಗಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮಂಟೇಸ್ವಾಮಿ ಕಾವ್ಯದಲ್ಲಿ ಗುರುವು ಶಿಶುಮಗ ಸಿದ್ದಪ್ಪಾಜಿಯನ್ನು ಹಲಗೂರಿನ ಪಾಂಚಾಳರ ಬಳಿಗೆ ಕಬ್ಬಿಣದ ಭಿಕ್ಷೆಗೆ ಕಳುಹಿಸುತ್ತಾನೆ. ಕೊಡಬೇಕಾದವರು ಸುಲಭವಾಗಿ ಕೊಡುವುದಿಲ್ಲ. ಬೇಡಲು ಬಂದವನನ್ನು ಪರೀಕ್ಷೆಗಳಿಗೆ ಒಡ್ಡುತ್ತಾರೆ. ದಾನಕ್ಕೆ ಷರತ್ತು ಇದ್ದೇ ಇರುತ್ತದೆ ಎಂಬುದನ್ನು ಜನಪದ ಕವಿ ಮುಚ್ಚಿಡಲಿಲ್ಲ. ದೀಕ್ಷೆ ಪಡೆದ ನೀಲಗಾರರೂ ಕಂಸಾಳೆಯ ದೇವರಗುಡ್ಡರೂ ಭಿಕ್ಷೆ ಬೇಡುವುದು ತಾವು ಹಾಡುವ ಊರುಗಳಲ್ಲಿಯೇ. ಇಲ್ಲಿ ಕೊಡುವವನೇ ಕೇಳುಗ. ಹಾಡು ಅವನಿಗೆ ತಿಳಿಯದಿದ್ದರೆ ಜೋಳಿಗೆ ತುಂಬುವುದಿಲ್ಲ.

ಈ ಸೀಮೆಯ ಆಡಳಿತ ಚರಿತ್ರೆ ಏಕರೂಪದ್ದಲ್ಲ. ಹನೂರನ್ನು ಒಳಗೊಂಡಿದ್ದ ಕೊಳ್ಳೇಗಾಲವು 1956ರವರೆಗೆ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಮೈಸೂರು ಸಂಸ್ಥಾನದ ಭಾಗ. ಮಾರ್ಟಳ್ಳಿ ಸುತ್ತಿನ ಕ್ರೈಸ್ತ ಒಕ್ಕಲುಗಳ ಮನೆಮಾತು ತಮಿಳು; ನೆರೆಯವರದು ಕನ್ನಡ; ಬೆಟ್ಟದ ಸೋಲಿಗರದು ತಮ್ಮದೇ ನುಡಿ. ಇಲ್ಲಿ ಸೇವೆಗೆ ನಿಲ್ಲುವ ಪಾದ್ರಿಗಾಗಲಿ ಉಪದೇಶಿಗಾಗಲಿ ಈ ಬಹುಭಾಷಿಕತೆಯೇ ಮೊದಲ ಪಾಠವಾಗಬೇಕು.

ಇದಕ್ಕೆ ಹೊರತಾಗಿ, ಉನ್ನತ ದೇವತಾಶಾಸ್ತ್ರ ಶಿಕ್ಷಣವು ದೂರದ ದತ್ತಿಯನ್ನು ಆಧರಿಸಿ ಬೆಳೆಯಿತು. ಹಲವು ಮಿಷನ್‌ಗಳು ಕೂಡಿ 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜನ್ನು ಸ್ಥಾಪಿಸಿದವು. 1958ರ ಘಾನಾ ಸಮಾವೇಶದಲ್ಲಿ ಅಂತಾರಾಷ್ಟ್ರೀಯ ಮಿಷನರಿ ಮಂಡಳಿಯು ದೇವತಾಶಾಸ್ತ್ರ ಶಿಕ್ಷಣ ನಿಧಿಯನ್ನು ಆರಂಭಿಸಿತು. ಜಾನ್ ಡಿ. ರಾಕ್‌ಫೆಲರ್ ಕಿರಿಯರ ಕಡೆಯಿಂದ 20 ಲಕ್ಷ ಡಾಲರ್, ಅದಕ್ಕೆ ಸಮನಾಗಿ ಮಿಷನ್ ಮಂಡಳಿಗಳಿಂದ ಇನ್ನೊಂದು 20 ಲಕ್ಷ ಡಾಲರ್ ಅದರ ಮೂಲಧನ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ವಿದ್ಯಾಲಯಗಳನ್ನು, ಅವುಗಳ ಗ್ರಂಥಾಲಯ ಮತ್ತು ಬೋಧಕವರ್ಗವನ್ನು ಬಲಪಡಿಸುವುದು ಅದರ ಗುರಿಯಾಗಿತ್ತು.

ಈ ನೆರವಿನ ಫಲವನ್ನು ಅಲ್ಲಗಳೆಯಲಾಗದು. ಆದರೆ ದಾನಿಗೆ ಅರ್ಥವಾಗುವ ಶ್ರೇಷ್ಠತೆಯೇ ಶ್ರೇಷ್ಠತೆಯ ಅಳತೆಗೋಲಾಯಿತು. ವರದಿ ಇಂಗ್ಲಿಷಿನಲ್ಲಿ, ಪ್ರಬಂಧ ಇಂಗ್ಲಿಷಿನಲ್ಲಿ. ಆ ನಿಧಿಯೇ 1972ರ ಹೊತ್ತಿಗೆ ಈ ದೋಷವನ್ನು ಮನಗಂಡು ‘ಸಂದರ್ಭೀಕರಣ’ದ ಪರಿಕಲ್ಪನೆಯನ್ನು ಮುಂದಿಟ್ಟಿತು. 1981ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ದಲಿತ ದೇವತಾಶಾಸ್ತ್ರಕ್ಕೆ ನಾಂದಿಯಾದ ಉಪನ್ಯಾಸವನ್ನು ನೀಡಿದ್ದು ಬೆಂಗಳೂರಿನ ಅದೇ ಕಾಲೇಜಿನಲ್ಲಿ. ದತ್ತಿಯು ಚಿಂತನೆಯನ್ನು ಸಂಪೂರ್ಣವಾಗಿ ಕಟ್ಟಿಹಾಕಿತೆಂಬ ಸರಳ ವಾದವನ್ನು ಈ ನಿದರ್ಶನ ಒಪ್ಪುವುದಿಲ್ಲ. ಆದರೂ ದಲಿತ ಹಾಡುಗಾರರ ಕಂಠದಲ್ಲಿ ಉಳಿದುಬಂದ ಮಂಟೇಸ್ವಾಮಿ ಕಾವ್ಯವು ಆ ಚಿಂತನೆಗೆ ಸಹಜ ನೆರೆಮನೆ ಆಗಬೇಕಿತ್ತು. ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಬೆಳೆದ ದಲಿತ ದೇವತಾಶಾಸ್ತ್ರಕ್ಕೆ ಚಿಕ್ಕಲ್ಲೂರಿನ ಜಾತ್ರೆ ದೂರದ್ದಾಗಿಯೇ ಉಳಿಯಿತೆಂಬುದು ನನ್ನ ಆಕ್ಷೇಪ.

ಈಗ ಪರಿಸ್ಥಿತಿ ಬದಲಾಗಿದೆ. ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯು ಪಡೆದ ವಂತಿಗೆಯನ್ನು ಬೇರೊಂದು ಸಂಸ್ಥೆಗೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಯ ಮೂಲಕ ಪಾಲು ಪಡೆಯುವ ದಾರಿ ಸಣ್ಣ ಕೇಂದ್ರಗಳಿಗೆ ಮುಚ್ಚಿತು. ನಷ್ಟದ ಭಾರ ಹಳ್ಳಿಯ ಉಪದೇಶಿಯ ತರಬೇತಿಯ ಮೇಲೆಯೇ ಹೆಚ್ಚು ಬೀಳುವ ಸಂಭವವಿದೆ. ಇದನ್ನು ಸ್ವಾವಲಂಬನೆಯೆಂದು ಹೊಗಳುವುದು ಬೇಜವಾಬ್ದಾರಿ. ಬಡ ಒಕ್ಕಲುಗಳ ಕಾಣಿಕೆಯೊಂದರಿಂದಲೇ ವಿದ್ಯಾಲಯ ನಡೆಯದು.

ಜಾನಪದ ವಿದ್ವಾಂಸರಾದ ನಾವೂ ಈ ಪ್ರಶ್ನೆಯಿಂದ ಹೊರತಲ್ಲ. ಉಡುಪಿಯ ಪ್ರಾದೇಶಿಕ ರಂಗಕಲೆಗಳ ಸಂಶೋಧನ ಕೇಂದ್ರಕ್ಕೆ ಫೋರ್ಡ್ ಪ್ರತಿಷ್ಠಾನದ ನೆರವಿತ್ತು. ನಮ್ಮ ವರದಿಗಳನ್ನೂ ಹಾಡಿದವರು ಓದಲಿಲ್ಲ. ಆದುದರಿಂದ ಹಣ ದೇಶದ್ದೇ ವಿದೇಶದ್ದೇ ಎಂಬುದಕ್ಕಿಂತ, ಕಲಿತವನು ಯಾರಿಗೆ ಉತ್ತರಿಸಬೇಕು ಎಂಬ ಪ್ರಶ್ನೆ ಮುಖ್ಯವಾಗುತ್ತದೆ. ದತ್ತಿಯ ಒಂದು ಪಾಲನ್ನು ಕನ್ನಡ, ತಮಿಳು ಪಠ್ಯಗಳಿಗೂ ಕ್ಷೇತ್ರಕಾರ್ಯಕ್ಕೂ ಮೀಸಲಿಡುವುದು, ನೀಲಗಾರರನ್ನು ಗೌರವಧನ ಕೊಟ್ಟು ತರಗತಿಗೆ ಕರೆಯುವುದು, ಅಭ್ಯರ್ಥಿಯ ಮೌಲ್ಯಮಾಪನದಲ್ಲಿ ಅವನ ಸಭೆಯ ಮಾತಿಗೂ ಸ್ಥಾನ ಕೊಡುವುದು ಅಸಾಧ್ಯವೇನಲ್ಲ. ಸಿದ್ದಪ್ಪಾಜಿ ದಾನಿಗಳ ಪರೀಕ್ಷೆಯನ್ನು ಗೆದ್ದು ಕಬ್ಬಿಣವನ್ನು ತಂದದ್ದು ಗುರುವಿನ ಕಾರ್ಯಕ್ಕೆ, ಹಲಗೂರಿನವರನ್ನು ಮೆಚ್ಚಿಸುವುದಕ್ಕಲ್ಲ. ಈ ವ್ಯತ್ಯಾಸವನ್ನು ನಮ್ಮ ವಿದ್ಯಾಸಂಸ್ಥೆಗಳು ಮರೆಯಬಾರದು.